ಎಳ್ಳಿನ ಸುಂಕ

ದುಡ್ಡು ತಿಂದು ನೌಕರಿ ಮಾರಿದ್ದರೆ ಭಾಗ್ಯಜ್ಯೋತಿಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ. ದುಡ್ಡು ತಿನ್ನುವವನಿಗೆ ತಾನು ತಿನ್ನುತ್ತಿರುವುದು ಏನೆಂದಾದರೂ ಗೊತ್ತಿರುತ್ತದೆ. ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಇನ್ನೂ ಬಿಸಿ ಆರದ ಹಾಳೆಗಳನ್ನು ತಿರುವುತ್ತಿದ್ದ ಅವಳಿಗೆ ನಲವತ್ತೇಳನೆಯ ಪುಟದಲ್ಲಿ ಕಂಡದ್ದು ಅದಕ್ಕಿಂತ ಕೆಟ್ಟದ್ದು. ಅಲ್ಲಿ ಅವಳದೇ ಸಾಲು ಅಚ್ಚಾಗಿ ಕೂತಿತ್ತು.

ಪುಸ್ತಕದ ಹೆಸರು ‘ಎಳ್ಳಿನ ಸುಂಕ: ಭೀಮಾತೀರದ ಮಹಿಳಾ ಅರ್ಥವ್ಯವಸ್ಥೆ’. ಬರೆದವನು ಡಾ. ಅನೀಲಕುಮಾರ. ವಿಶ್ವವಿದ್ಯಾಲಯದ ಜಾನಪದ ವಿಭಾಗಕ್ಕೆ ಎರಡು ಸಹಾಯಕ ಪ್ರಾಧ್ಯಾಪಕ ಹುದ್ದೆ ಕರೆದಿದ್ದರು. ಅವಳೂ ಸೇರಿ ಅರ್ಜಿ ಹಾಕಿದವರ ಅಂಕಪಟ್ಟಿ ಬೆಳಿಗ್ಗೆ ಮೊಬೈಲಿಗೆ ಬಂದಿತ್ತು. ಅನೀಲಕುಮಾರನ ಹೆಸರು ಎಲ್ಲರಿಗಿಂತ ಮೇಲಿತ್ತು. ಅವನನ್ನು ಮೇಲಕ್ಕೆತ್ತಿದ್ದು ಈ ಒಂದು ಪುಸ್ತಕ. ಅದರಲ್ಲಿ ಅಂಥದ್ದೇನಿದೆ ನೋಡೋಣ ಎಂದು ಅವಳು ಕಾಲೇಜಿನ ಗ್ರಂಥಾಲಯದ ಪ್ರತಿ ತಂದು ಝೆರಾಕ್ಸಿಗೆ ಕೊಟ್ಟಿದ್ದಳು.

ಅತನೂರಿನ ಭಾಗ್ಯಜ್ಯೋತಿ ಜೇವರ್ಗಿಯ ಪದವಿ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷ ಮನೆಯಲ್ಲಿ ಕೂತವರನ್ನು ಯಾರಾದರೂ ಅತಿಥಿ ಎನ್ನುತ್ತಾರೆಯೇ? ಸರ್ಕಾರ ಎನ್ನುತ್ತದೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ, ಅದೂ ಪ್ರತಿ ಜೂನಿನಲ್ಲಿ ಹೊಸದಾಗಿ ಅರ್ಜಿ ಹಾಕಿ, ಅತಿಥಿಯಾಗಿಯೇ ಇರಬೇಕು.

ನಲವತ್ತೇಳನೆಯ ಪುಟದಲ್ಲಿದ್ದ ಪದ ಇದು:

ತುಂಬೀದ ಭೀಮಾ ತುಳುಕ್ಯಾಳ ದಂಡೀಗಿ
ಅಂಬಿಗರಣ್ಣ ಹೊತ್ತಾತ, ದಾಟಿಸೊ
ತುಂಬೇನ ಎಳ್ಳ ಅಂಗೈಗೆ

ಹನ್ನೊಂದು ವರ್ಷದ ಹಿಂದೆ ಅಫಜಲಪುರ ತಾಲ್ಲೂಕಿನ ಮಣ್ಣೂರಿಗೆ ಹೋಗಿ, ಕಾಶಿಬಾಯಿ ಎಂಬ ಮುದುಕಿಯ ಮುಂದೆ ಕೂತು ಬೀಸುವ ಪದಗಳನ್ನು ಬರೆದುಕೊಂಡವಳು ಭಾಗ್ಯಜ್ಯೋತಿ. ಅವಳ ಪಿಎಚ್‌ಡಿಗೆ ಅದೇ ಬಂಡವಾಳ. ಕಾಶಿಬಾಯಿ ಈ ಪದದ ಎರಡು ಸಾಲು ಹಾಡಿ, ಮೂರನೆಯದಕ್ಕೆ ಬಂದು ತಡವರಿಸಿ, “ಮುಂದಿಂದು ನೆನಪಿಗಿ ಬರವಲ್ದು ತಂಗಿ. ನಮ್ಮವ್ವನ ಕೂಡೇ ಹೋತದು” ಎಂದು ಬೀಸುಕಲ್ಲಿನ ಗೂಟ ಬಿಟ್ಟು ಕೈ ಝಾಡಿಸಿದ್ದಳು.

ಇಂಥಲ್ಲಿ ಏನು ಮಾಡಬೇಕೆಂದು ಮೊದಲ ತರಗತಿಯಲ್ಲೇ ಕಲಿಸಿದ್ದರು. ಕಲಿಸಿದವರು ಅವಳ ಮಾರ್ಗದರ್ಶಕ ಪ್ರೊಫೆಸರ್ ದೇವೀಂದ್ರಪ್ಪ. “ನೆನಪಿಲ್ಲದ ಸಾಲಿಗೆ ಚುಕ್ಕಿ ಇಡ್ರಿ. ಚುಕ್ಕಿನೂ ಸಾಕ್ಷಿನೇ. ತುಂಬಬ್ಯಾಡ್ರಿ” ಎಂದು ಬೋರ್ಡಿನ ಮೇಲೆ ಮೂರು ಚುಕ್ಕೆ ಇಟ್ಟು ತೋರಿಸಿದ್ದರು. ಭಾಗ್ಯಜ್ಯೋತಿ ಚುಕ್ಕೆ ಇಟ್ಟಿದ್ದಳು ಕೂಡ. ಆದರೆ ಅತನೂರಿನ ಮನೆಯಲ್ಲಿ ಕೂತು ಶುದ್ಧಪ್ರತಿ ಮಾಡುವಾಗ ಆ ಪದವೊಂದೇ ಮೋಟು ಕೈಯ ಹಾಗೆ ಕಂಡಿತು. ಪಕ್ಕದಲ್ಲಿ ತಾಯಿ ಎಳ್ಳಮವಾಸ್ಯೆಗೆಂದು ಮೊರದಲ್ಲಿ ಎಳ್ಳು ಹಸನು ಮಾಡುತ್ತಿದ್ದಳು. ಎಳ್ಳು ನೋಡಿದಳು, ನೋಟುಪುಸ್ತಕದ ಚುಕ್ಕೆಗಳ ಮೇಲೆಯೇ ಬರೆದಳು. ಅಷ್ಟೇ. ತಾಯಿ “ಏನ್ ಬರಿಯಾಕತ್ತೀಬೇ, ಒಬ್ಬಾಕೀನೇ ನಗಾಕತ್ತೀ” ಎಂದು ಕೇಳಿದ್ದು ಈಗಲೂ ನೆನಪಿದೆ.

ಈಗ ಆ ಎಳ್ಳಿನ ಮೇಲೆ ಅನೀಲಕುಮಾರ ಇನ್ನೂರ ಹತ್ತು ಪುಟದ ಗೋಪುರ ಕಟ್ಟಿದ್ದ. ಭೀಮೆಯ ದಡದ ಹೆಂಗಸರು ಅಂಬಿಗನಿಗೆ ಎಳ್ಳನ್ನು ಸುಂಕವಾಗಿ ಕೊಡುತ್ತಿದ್ದರಂತೆ. ಗಂಡಸರ ನಾಣ್ಯಕ್ಕೆ ಎದುರಾಗಿ ಹೆಂಗಸರು ಕಟ್ಟಿಕೊಂಡ ಗುಪ್ತ ವ್ಯವಸ್ಥೆಯಂತೆ ಅದು. ಎಂಟುನೂರು ವರ್ಷ ಹಳೆಯದಂತೆ. ಅಂಗೈ ಎಂದರೆ ಒಂದು ಅಳತೆಯಂತೆ. ಅಂಗೈಯ ಮೇಲೆಯೇ ಒಂದು ಅಧ್ಯಾಯವಿತ್ತು, ನಕ್ಷೆ ಸಮೇತ.

ತನ್ನ ನೋಟುಪುಸ್ತಕ ಅವನ ಕೈಗೆ ಹೇಗೆ ಹೋಯಿತೆಂದು ಭಾಗ್ಯಜ್ಯೋತಿ ಹುಡುಕಬೇಕಾಗಿರಲಿಲ್ಲ. ಪಿಎಚ್‌ಡಿ ಮುಗಿದ ದಿನ ವಿದ್ಯಾರ್ಥಿಗಳೆಲ್ಲ ತಮ್ಮ ಕ್ಷೇತ್ರಕಾರ್ಯದ ನೋಟುಪುಸ್ತಕಗಳನ್ನು ಗುರುಗಳ ಕಪಾಟಿಗೆ ಒಪ್ಪಿಸುವುದು ಆ ವಿಭಾಗದ ಪದ್ಧತಿ. ಕಾಯಿ, ಶಾಲು, ನೋಟುಪುಸ್ತಕ. ಕಪಾಟಿನ ಬೀಗದ ಕೈ ದೇವೀಂದ್ರಪ್ಪನವರದು. ಅನೀಲಕುಮಾರ ಅವರ ಮಗಳು ಐಶ್ವರ್ಯಾಳ ಗಂಡ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಆದರೆ ಹೇಸಿಗೆಯ ಅರ್ಧ ಪಾಲು ತನ್ನ ಮೇಲೆಯೇ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಪುಟ ತಿರುವುವಾಗ ಒಳಗೊಳಗೇ ಅವಳಿಗೆ ಹಿಗ್ಗೂ ಆಗಿತ್ತು. ತನ್ನ ಸಾಲನ್ನು ಎಂಟುನೂರು ವರ್ಷದ್ದೆಂದು ದೊಡ್ಡ ದೊಡ್ಡವರು ನಂಬಿದ್ದಾರೆ ಎಂಬ ಹಾಳು ಹಿಗ್ಗು. ಅದು ಗೊತ್ತಾದಾಗ ಅವಳಿಗೆ ಝೆರಾಕ್ಸ್ ಅಂಗಡಿಯ ಮೋರಿಗೆ ಉಗುಳಬೇಕೆನಿಸಿತು. ಉಗುಳಿದಳು.

ಸ್ಟಾಫ್ ರೂಮಿನಲ್ಲಿ ಖಮರ ಬೇಗಂ ಎಲ್ಲ ಕೇಳಿಸಿಕೊಂಡಳು. ಇತಿಹಾಸ ಪಾಠ ಮಾಡುವ ಅತಿಥಿ. ಇವಳಿಗಿಂತ ಎರಡು ವರ್ಷ ಹೆಚ್ಚು ಅತಿಥಿ.

“ಅರೆ, ಇದು ಚಲೋನೇ ಆತಲ್ಲ! ಸಾಲು ನಿಂದು ಅಂತ ಹೇಳು, ಕಳ್ಳ ಸಿಗ್ತಾನ.”

“ಹೆಂಗ್ ಹೇಳಲಿ? ಬರೇ ಪದ ನಂದು ಅಂದ್ರ ಅವನೂ ಮಣ್ಣೂರಿಗಿ ಹೋಗಿ ಕೇಳ್ಕೊಂಡ್ ಬಂದೀನಿ ಅಂತಾನ. ಸಾಲು ನಾನೇ ಹುಟ್ಟಿಸೀನಿ ಅಂದ್ರೇನೇ ಅವ ಸಿಗೋದು. ಹಂಗಂದ್ರ ಸುಳ್ಳು ಬರದಾಕಿ ನಾ ಆಗ್ತೇನಿ. ಸುಳ್ಳು ಬರದಾಕಿಗಿ ಯಾರ್ ನೌಕರಿ ಕೊಡ್ತಾರ?”

ಖಮರ ಚಹಾದ ಕಪ್ಪು ಕೆಳಗಿಟ್ಟಳು. “ಕಳ್ಳನ ಹಿಡೀಬೇಕಂದ್ರ ನೀನೂ ಕೈಗಿ ಬೇಡಿ ಹಾಕ್ಕೋಬೇಕು. ಯಾ ಅಲ್ಲಾ. ಸುಮ್ಮನಿದ್ದಬಿಡು ಭಾಗ್ಯಾ. ಎರಡು ಪೋಸ್ಟ್ ಅವ. ಒಂದು ಅಳಿಯಗ ಹೋತು. ಇನ್ನೊಂದು ಉಳದದಲ್ಲ?”

ಆ ಇನ್ನೊಂದರ ಮಾತು ಎತ್ತಿದ್ದು ಸ್ವತಃ ದೇವೀಂದ್ರಪ್ಪನವರು. ಸಂದರ್ಶನಕ್ಕೆ ಐದು ದಿನ ಇರುವಾಗ ಫೋನು ಮಾಡಿದರು. ದನಿಯಲ್ಲಿ ತುಪ್ಪ ಸುರಿಯುತ್ತಿತ್ತು.

“ಏನ್ ತಂಗಿ, ಆರಾಮಿದ್ದೀ? ನಿನ್ನ ಸಲುವಾಗಿ ನಾ ಎಲ್ಲಾರ ಕೂಡ ಮಾತಾಡೀನಿ. ಅನೀಲನ ಪುಸ್ತಕದ ಬಗ್ಗೆ ನಿನಗ ಒಂದು ಪ್ರಶ್ನಿ ಕೇಳ್ತಾರ. ಮಣ್ಣೂರಾಗ ಕ್ಷೇತ್ರಕಾರ್ಯ ಮಾಡಿದಾಕಿ ನೀ. ಹೌದ್ರಿ, ಎಳ್ಳಿನ ಪದ್ಧತಿ ಅದ, ನಾನೂ ಕೇಳೀನಿ ಅಂತ ಒಂದು ಮಾತು ಅಂದಬಿಡು. ಎರಡನೇ ಪೋಸ್ಟ್ ನಿಂದ.”

“ಸರ್, ಆ ಮೂರನೇ ಸಾಲು…”

“ಗೊತ್ತದ.” ಅವರ ದನಿ ಒಂದಿಷ್ಟೂ ಕದಲಲಿಲ್ಲ. “ನಿನ್ನ ನೋಟಬುಕ್ಕಿನಾಗ ಚುಕ್ಕಿ ಮ್ಯಾಲ ಬ್ಯಾರೆ ಮಸಿಲೆ ಬರದದ್ದು ಅವತ್ತೇ ನೋಡೀನಿ. ಛಲೋ ಸಾಲು. ಅದಕ್ಕೇ ಸುಮ್ಮನಿದ್ದೆ. ನಿನ್ನ ಪಿಎಚ್‌ಡಿ ಉಳಿಸಿದಾವ ನಾನು, ಮರೀಬ್ಯಾಡ.”

ಅವಳು ಫೋನಿಟ್ಟು ಬಹಳ ಹೊತ್ತು ಕೈ ತೊಳೆದುಕೊಂಡಳು. ಅವರಿಗೆ ಗೊತ್ತಿತ್ತು! ಸುಳ್ಳೆಂದು ಗೊತ್ತಿದ್ದೇ ಅಳಿಯನ ಕೈಗೆ ಕೊಟ್ಟಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಇವರು ಬದನೆಕಾಯಿಯ ತೋಟವನ್ನೇ ಹಾಕಿದ್ದರು.

ಉಳಿದದ್ದು ಒಂದೇ ದಾರಿ. ಮೂರನೆಯ ಸಾಲು ತನಗೆ ಬರುವುದಿಲ್ಲ ಎಂದು ಕಾಶಿಬಾಯಿಯೇ ಹೇಳಿದರೆ, ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡರೆ, ಕನಿಷ್ಠ ಸಾಕ್ಷಿಯೊಂದಿರುತ್ತದೆ. ಆಮೇಲೆ ಹೇಳುವುದೋ ಬಿಡುವುದೋ ನೋಡೋಣ ಎಂದುಕೊಂಡು ಭಾಗ್ಯಜ್ಯೋತಿ ರವಿವಾರ ಮಣ್ಣೂರಿನ ಬಸ್ಸು ಹತ್ತಿದಳು.

ಕಾಶಿಬಾಯಿ ಅಂಗಳದಲ್ಲಿ ಕೂತು ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದಳು. ಹಲ್ಲು ಹೋಗಿದ್ದವು, ದನಿ ಹೋಗಿರಲಿಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಫೋಟೋ ತೂಗುತ್ತಿತ್ತು: ಮುದುಕಿಗೆ ಶಾಲು, ಪಕ್ಕದಲ್ಲಿ ಅನೀಲಕುಮಾರ, ಹಿಂದೆ ಹೊಳೆ.

“ಬಾರವ್ವಾ. ನೀ ಅತನೂರಾಕಿ ಅಲ್ಲೇನು? ಬರಕೊಂಡ್ ಹೋಗಾಕ ಬರ್ತಿದ್ದೆಲ್ಲ?”

“ಹೌದ್ರಿ ಆಯಿ. ಆ ತುಂಬೀದ ಭೀಮಾ ಪದ ಒಂದ್ ಸಲ ಹಾಡ್ರಿ.”

ಮುದುಕಿ ಗಂಟಲು ಸರಿಮಾಡಿಕೊಂಡು ಹಾಡಿದಳು. ಒಂದನೆಯ ಸಾಲು. ಎರಡನೆಯ ಸಾಲು. ಮೂರನೆಯ ಸಾಲಿಗೆ ತಡವರಿಸಲಿಲ್ಲ. ‘ತುಂಬೇನ ಎಳ್ಳ ಅಂಗೈಗೆ’ ಎಂದು ಎಳೆದು, ಇಳಿಸಿ, ತಿರುಗಿ ಇನ್ನೊಮ್ಮೆ ಎತ್ತಿಕೊಂಡು ಹಾಡಿದಳು. ಭಾಗ್ಯಜ್ಯೋತಿ ಬರೆದಾಗ ಆ ಸಾಲಿಗೆ ಅಷ್ಟು ಚೆಂದದ ಎಳೆತ ಇರಲೇ ಇಲ್ಲ.

“ಆಯಿ, ಮುಂದಿಂದು ನೆನಪಿಲ್ಲ ಅಂದಿದ್ರಲ್ರಿ. ಅವ್ವನ ಕೂಡೇ ಹೋತು ಅಂದಿದ್ರಿ.”

“ನಾನು? ಯಾವಾಗ? ಇದು ನಮ್ಮವ್ವನ ಪದ ತಂಗಿ. ಆಕಿ ಹಿಂಗೇ ಹಾಡತಿದ್ದಳು.” ಕಾಶಿಬಾಯಿ ಅಂಗೈ ಮುಂದೆ ಚಾಚಿದಳು. “ಎಳ್ಳ ಹಿಂಗ ಸುರೀತಿದ್ದಳು. ನನ್ನ ಕಣ್ಣಿಗಿ ಕಟ್ಟಿದಂಗದ. ಆ ಸರ್ ಬಂದು ನೆನಪ್ ಮಾಡಿ ಕೊಟ್ಟರು, ಪುಣ್ಯಾತ್ಮ. ಈಗ ವರ್ಷಾ ಎಳ್ಳಮಾಸಿಗಿ ಕಾಲೇಜ ಹುಡುಗ್ಯಾರು ಬಂದು ಹೊಳಿ ದಂಡ್ಯಾಗ ಎಳ್ಳ ಹಾಕ್ತಾರ.”

ಮುದುಕಿ ಸುಳ್ಳು ಹೇಳುತ್ತಿರಲಿಲ್ಲ. ಅದೇ ದೊಡ್ಡ ತೊಂದರೆ. ಅವಳ ಕಣ್ಣಲ್ಲಿ ನೀರಿತ್ತು. ಕಳೆದುಹೋದ ತಾಯಿಯ ಒಂದು ತುಂಡು ಯಾರೋ ತಂದುಕೊಟ್ಟ ಸಂತೋಷದ ನೀರು ಅದು. ಆ ತುಂಡು ಅತನೂರಿನ ಮೊರದಲ್ಲಿ ಹುಟ್ಟಿದ್ದು ಎಂದು ಹೇಳಲು ಭಾಗ್ಯಜ್ಯೋತಿಗೆ ಬಾಯಿ ಬರಲಿಲ್ಲ. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು, ಮುದುಕಿ ಕೊಟ್ಟ ಶೇಂಗಾ ತಿಂದು ಎದ್ದುಬಂದಳು.

ಬುಧವಾರ ಸಂದರ್ಶನ. ಕಾರಿಡಾರಿನ ಬೆಂಚಿನ ಮೇಲೆ ಹನ್ನೊಂದು ಜನ ಕೂತಿದ್ದರು. ಜವಾನ ಚಂದ್ರಾಮ ತಟ್ಟೆಯೊಂದರಲ್ಲಿ ಕೆತ್ತಿದ ಐದು ಪೆನ್ಸಿಲು, ಐದು ರಬ್ಬರು ಇಟ್ಟುಕೊಂಡು ಒಳಗೆ ಹೋದ. ಸಂದರ್ಶನದ ಅಂಕಗಳನ್ನು ಪೆನ್ಸಿಲಿನಲ್ಲಿ ಬರೆಯುವುದು, ಸಂಜೆ ಎಲ್ಲರ ಲೆಕ್ಕ ಕೂಡಿಸಿ, ಬೇಕಾದವರು ಬೇಕಾದ ಜಾಗಕ್ಕೆ ಬರುವ ಹಾಗೆ ಉಜ್ಜಿ, ಆಮೇಲೆ ಶಾಯಿ ಹಾಕುವುದು ಅಲ್ಲಿಯ ಕ್ರಮ. ಅದನ್ನು ಮುಚ್ಚಿ ಮಾಡುವಷ್ಟು ಸಂಕೋಚವೂ ಯಾರಿಗೂ ಉಳಿದಿರಲಿಲ್ಲ. ಚಂದ್ರಾಮ ತಟ್ಟೆಯನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ.

ಅನೀಲಕುಮಾರನ ಸರದಿ ಬಂದಾಗ ಆಯ್ಕೆ ಮಂಡಳಿಯಲ್ಲಿದ್ದ ದೇವೀಂದ್ರಪ್ಪನವರು ಹೊರಗೆ ಬಂದರು. ಅಭ್ಯರ್ಥಿಯ ಸಂಬಂಧಿ ಮಂಡಳಿಯಲ್ಲಿ ಇರಬಾರದು ಎಂಬುದು ನಿಯಮ. ಅವರು ನಿಯಮ ಪಾಲಿಸಿದರು. ಕಾರಿಡಾರಿನಲ್ಲಿ ನಿಂತು, ಅರ್ಧ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು, ಒಂದು ಕಪ್ಪು ಚಹಾ ಕುಡಿದರು. ಒಳಗಿನಿಂದ ನಗು ಕೇಳಿತು. ಅಳಿಯ ಹೊರಗೆ ಬಂದ, ಮಾವ ಒಳಗೆ ಹೋದರು. ನಿಯಮಕ್ಕೆ ಎಲ್ಲಿಯೂ ಗೀರು ಬೀಳಲಿಲ್ಲ.

ಭಾಗ್ಯಜ್ಯೋತಿ ಒಳಗೆ ಹೋಗಿ ಕೂತಳು. ಮೊದಲ ಪ್ರಶ್ನೆಗಳು ಹಗುರಾಗಿದ್ದವು. ಆಮೇಲೆ ಹೊರಗಿನ ವಿಷಯತಜ್ಞರಾದ ಪ್ರೊಫೆಸರ್ ಜಗದೇವ ಕನ್ನಡಕ ಏರಿಸಿದರು. ಆಳಂದ ತಾಲ್ಲೂಕಿನ ನಿಂಬರ್ಗಾದವರು. ‘ಎಳ್ಳಿನ ಸುಂಕ’ಕ್ಕೆ ಮುನ್ನುಡಿ ಬರೆದವರೂ ಅವರೇ. ವಿಷಯತಜ್ಞ ಯಾರೆಂದು ಕೊನೆಯ ದಿನದವರೆಗೂ ಯಾರಿಗೂ ತಿಳಿಯಬಾರದು ಎಂಬ ನಿಯಮವೂ ಒಂದಿತ್ತು, ಪಾಪ.

“ಮಣ್ಣೂರ ಭಾಗದಾಗ ನೀವೂ ಕೆಲಸ ಮಾಡೀರಿ. ಎಳ್ಳಿನ ಸುಂಕದ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?”

ದೇವೀಂದ್ರಪ್ಪನವರು ಪೆನ್ಸಿಲಿನ ತುದಿಯಿಂದ ಮೇಜನ್ನು ಮೆಲ್ಲಗೆ ತಟ್ಟಿದರು. ಹೌದ್ರಿ ಎಂದರೆ ಸಾಕಿತ್ತು. ಒಂದೇ ಒಂದು ಮಾತು. ಹದಿನಾಲ್ಕು ವರ್ಷದ ಅತಿಥಿತನ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅದರ ರುಚಿ ನೋಡಿದ ಮೇಲೆ ಅವಳು ಅದನ್ನು ಹೊರಗೆ ಬಿಡಲಿಲ್ಲ.

“ಅಂಥ ಪದ್ಧತಿ ಇಲ್ರಿ ಸರ್,” ಎಂದಳು. “ಆ ಸಾಲು ಕಾಶಿಬಾಯಿಗಿ ನೆನಪಿರಲಿಲ್ಲ. ಚುಕ್ಕಿ ಇಡೋ ಜಾಗಾದಾಗ ನಾನೇ ಬರದು ತುಂಬೀನಿ. ಮನ್ಯಾಗ ನಮ್ಮವ್ವ ಎಳ್ಳ ಹಸನ ಮಾಡಾಕತ್ತಿದ್ದಳು, ಅದನ್ನ ನೋಡಿ ಬರದೆ. ತಪ್ಪು ನಂದು. ನೋಟಬುಕ್ ದೇವೀಂದ್ರಪ್ಪ ಸರ್ ಕಪಾಟಿನಾಗ ಅದ. ತರಿಸಿ ನೋಡ್ರಿ, ಮಸಿ ಬ್ಯಾರೆ ಅದ.”

ಜಗದೇವ ನಕ್ಕರು, ಸಿಟ್ಟಿಲ್ಲದೆ, ಮಗುವಿಗೆ ತಿಳಿಹೇಳುವ ಹಾಗೆ.

“ಏನ್ರಿ ಮೇಡಂ, ನಾ ಸಣ್ಣಾವಿದ್ದಾಗ ನಮ್ಮ ಆಯಿ ಅಂಬಿಗನ ಕೈಯಾಗ ಎಳ್ಳ ಹಾಕಿದ್ದನ್ನ ಕಣ್ಣಾರೆ ನೋಡೀನಿ. ಮುನ್ನುಡಿಯಾಗ ಬರದೂ ಬರದೀನಿ. ನಾ ಸುಳ್ಳೇನು?”

“ಸರ್, ದೋಣಿ ಹಾಕೋವಂಥ ಹೊಳಿ ನಿಂಬರ್ಗಾದಾಗ ಎಲ್ಲದರಿ?”

ಜಗದೇವರ ಕಣ್ಣು ಕಿಟಕಿಯ ಕಡೆ ಹೋಗಿ ತಿರುಗಿ ಬಂತು. “ಆಯಿ ತವರು ಮಣ್ಣೂರಲ್ಲೇನ್ರಿ ಮತ್ತ! ತವರಿಗಿ ಹೋದಾಗಿನ ಮಾತದು.”

ಭಾಗ್ಯಜ್ಯೋತಿ ಕಣ್ಣೆದುರಿಗೇ ಅದನ್ನು ಕಂಡಳು. ಅಂದು ಅತನೂರಿನಲ್ಲಿ ತನ್ನ ಪೆನ್ನಿನ ತುದಿಯಲ್ಲಿ ಸಾಲು ಹುಟ್ಟಿದ ಹಾಗೆಯೇ, ಇಂದು ಪ್ರೊಫೆಸರರ ಬಾಯಲ್ಲಿ ಅಜ್ಜಿಯ ತವರು ಹುಟ್ಟಿತು. ಹುಟ್ಟಿದ ಮರುಗಳಿಗೆಯೇ ಅವರು ಅದನ್ನು ನಂಬಿಯೂ ಆಗಿತ್ತು. ಮಂಡಳಿಯ ಹಿರಿಯರು ತಲೆದೂಗುತ್ತಿದ್ದರು.

“ನೋಟಬುಕ್?” ಎಂದು ಇನ್ನೊಬ್ಬರು ಕೇಳಿದರು.

“ಹೋದ ಮಳಿಗಾಲದಾಗ ಕಪಾಟಿನಾಗ ನೀರ್ ಹೊಕ್ಕು ಎಲ್ಲಾ ಹಾಳಾಗ್ಯಾವ,” ಎಂದರು ದೇವೀಂದ್ರಪ್ಪ. ಭಾಗ್ಯಜ್ಯೋತಿಯತ್ತ ತಿರುಗಿದ ಮುಖದಲ್ಲಿ ನಿಜವಾದ ದುಃಖವಿತ್ತು. “ನನ್ನ ವಿದ್ಯಾರ್ಥಿನಿರೀ ಈಕಿ. ಶಾಣ್ಯಾಕಿ. ಮನಸಿಗಿ ಬಾಳ ಹಚ್ಕೊಂಡಾಳ, ಅಷ್ಟೇ.”

ಐದು ಪೆನ್ಸಿಲುಗಳು ಒಟ್ಟಿಗೇ ಬರೆದವು. ಅವಳಿಗೆ ರಬ್ಬರಿನ ಸದ್ದೂ ಕೇಳಿತು. ಹೊರಗೆ ಬಂದಾಗ ಚಂದ್ರಾಮ “ಆತೇನ್ರಿ ಅಕ್ಕೋರೆ?” ಎಂದು ಕೇಳಿದ. ಆತೆಂದು ಹೇಳಿದಳು.

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಮೊದಲ ಹುದ್ದೆಗೆ ಡಾ. ಅನೀಲಕುಮಾರ. ಎರಡನೆಯದಕ್ಕೆ ‘ಸೂಕ್ತ ಅಭ್ಯರ್ಥಿ ದೊರೆತಿಲ್ಲ’. ಉಳಿದ ಹತ್ತು ಜನರಲ್ಲಿ ಒಬ್ಬರೂ ಸೂಕ್ತರಲ್ಲ! ಖಮರ ಮೊಬೈಲು ನೋಡಿ, ತೊಡೆ ತಟ್ಟಿ, ಬಾಯಿಗೆ ಬಂದ ಹಾಗೆ ದಖ್ಖನಿಯಲ್ಲಿ ಬೈದಳು. ಆಮೇಲೆ ಕೇಳಿದಳು: “ಹೌದು ಅಂದಿದ್ರ ಏನ್ ಹೋಗ್ತಿತ್ತು ನಿಂದು? ಖರೆ ಹೇಳಿ ಯಾರ್ ನಂಬಿದ್ರು?”

“ಯಾರೂ ನಂಬಲಿಲ್ಲ,” ಎಂದಳು ಭಾಗ್ಯಜ್ಯೋತಿ. “ಸುಳ್ಳು ಬರದಾಗ ಎಲ್ಲಾರೂ ನಂಬಿದ್ರು.”

ಜೂನಿನಲ್ಲಿ ಅವಳು ಹದಿನೈದನೆಯ ಸಲ ಅತಿಥಿ ಉಪನ್ಯಾಸಕಿಯ ಅರ್ಜಿ ತುಂಬಿದಳು. ತರಗತಿಗಳು ಶುರುವಾದಾಗ ಹೊಸ ಪಠ್ಯಪುಸ್ತಕ ಬಂದಿತ್ತು. ಸಂಪಾದಕ ಡಾ. ಅನೀಲಕುಮಾರ. ನಾಲ್ಕನೆಯ ಪಾಠ ಬೀಸುವ ಪದಗಳು. ಮೊದಲ ಪದವೇ ತುಂಬೀದ ಭೀಮೆಯದು. ಕೆಳಗೆ ಟಿಪ್ಪಣಿ, ಎಳ್ಳಿನ ಸುಂಕ, ಎಂಟುನೂರು ವರ್ಷ. ಬೇರೆ ಪಾಠ ಮಾಡುವ ಹಾಗಿರಲಿಲ್ಲ. ಕಲಿಸಬೇಕಾದವಳು ಅವಳೇ.

ಬೋರ್ಡಿನ ಮೇಲೆ ಒಂದನೆಯ ಸಾಲು ಬರೆದಳು. ಎರಡನೆಯ ಸಾಲು ಬರೆದಳು. ಮೂರನೆಯದರ ಜಾಗದಲ್ಲಿ, ಹನ್ನೊಂದು ವರ್ಷ ತಡವಾಗಿ, ಮೂರು ಚುಕ್ಕೆ ಇಟ್ಟಳು. ಸುಣ್ಣದ ಕೋಲು ಒತ್ತಿ ಒತ್ತಿ ಇಟ್ಟಳು.

“ಬಿಟ್ಟ ಸ್ಥಳ ತುಂಬರಿ ಏನ್ರಿ ಮೇಡಂ?” ಎಂದು ಮುಂದಿನ ಬೆಂಚಿನಿಂದ ಸಪ್ನಾ ಕೇಳಿದಳು. ಮಣ್ಣೂರಿನ ಹುಡುಗಿ, ಚುರುಕು. ಉತ್ತರಕ್ಕೂ ಕಾಯದೆ ಇಡೀ ತರಗತಿ ಒಂದೇ ದನಿಯಲ್ಲಿ ಹಾಡಿತು. ಕಾಶಿಬಾಯಿ ಎಳೆದಷ್ಟೇ ಎಳೆದು, ಇಳಿಸಿ, ತಿರುಗಿ ಎತ್ತಿಕೊಂಡು.

ಮುಗಿಯುವವರೆಗೂ ಭಾಗ್ಯಜ್ಯೋತಿ ಕಾದಳು. “ಈ ಸಾಲು ಹಾಡಿದಾಕಿಗಿ ನೆನಪಿರಲಿಲ್ಲ,” ಎಂದಳು. “ಇದು ಹಳೀದಲ್ಲ. ಎಳ್ಳಿನ ಸುಂಕ ಅನ್ನೋದು ಎಲ್ಲೂ ಇರಲಿಲ್ಲ. ಒಬ್ಬಾಕಿ ಚುಕ್ಕಿ ಇಡಬೇಕಾದಲ್ಲಿ ಸುಳ್ಳು ತುಂಬಿದಳು. ಆಕಿ ನಾನು.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಸಪ್ನಾ ನಗಲಿಲ್ಲ. ಅವಳು ಬೋರ್ಡಿನ ಚುಕ್ಕೆಗಳನ್ನು ನೋಟುಪುಸ್ತಕಕ್ಕೆ ಇಳಿಸಿಕೊಂಡಿದ್ದಳು. ತಲೆಯೆತ್ತಿ, ಮರ್ಯಾದೆಯಿಂದಲೇ ಕೇಳಿದಳು:

“ಮೇಡಂ, ಪರೀಕ್ಷ್ಯಾಗ ಹಿಂಗ ಚುಕ್ಕಿ ಇಟ್ಟರ ಮಾರ್ಕ್ಸ್ ಕೊಡ್ತಾರೇನ್ರಿ?”

ಭಾಗ್ಯಜ್ಯೋತಿ ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಈ ಮಕ್ಕಳಿಗಾದರೂ ಸುಳ್ಳು ಹೇಳಬಾರದು ಎಂದುಕೊಂಡೇ ಬಂದಿದ್ದಳು.

“ಇಲ್ಲವ್ವಾ,” ಎಂದಳು. “ಕೊಡೂದಿಲ್ಲ.”

ಸಪ್ನಾ ಪೆನ್ನು ತೆಗೆದುಕೊಂಡು ಚುಕ್ಕೆಗಳ ಮೇಲೆ ಸಾಲನ್ನು ಬರೆದಳು.